ಕಿವಿಯಿಂದ ಓದುವ ಸುಖ

ಹಳೆಯ ಓಲೆಗರಿಯನ್ನು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ನೋಡಿದವರಿಗೆ ಮೊದಲ ನೋಟಕ್ಕೆ ತಲೆಬುಡ ತಿಳಿಯುವುದಿಲ್ಲ. ಅಕ್ಷರಗಳ ರೂಪ ಹಳೆಯದು ಎನ್ನುವುದು ಒಂದು ಕಾರಣ. ಪದಕ್ಕೂ ಪದಕ್ಕೂ ನಡುವೆ ಜಾಗವೇ ಬಿಟ್ಟಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಕಾರಣ. ಗರಿಯ ಈ ತುದಿಯಿಂದ ಆ ತುದಿಯವರೆಗೆ ಅಕ್ಷರಗಳು ಒಂದಕ್ಕೊಂದು ಆತುಕೊಂಡು ನಿಂತಿರುತ್ತವೆ. ಅಲ್ಪವಿರಾಮವಿಲ್ಲ, ಪ್ರಶ್ನೆಯ ಗುರುತಿಲ್ಲ, ಪ್ಯಾರಾ ಇಲ್ಲ. ಪದ್ಯವಾದರೂ ಸಾಲು ಮುರಿದು ಬರೆದಿರುವುದಿಲ್ಲ. ಹ್ರಸ್ವ ಎ, ಒಗಳಿಗೂ ದೀರ್ಘ ಏ, ಓಗಳಿಗೂ ಎಷ್ಟೋ ಓಲೆಗಳಲ್ಲಿ ಒಂದೇ ಗುರುತು. ಇಂಥದ್ದನ್ನು ಹಿಂದಿನವರು ಓದುತ್ತಿದ್ದದ್ದಾದರೂ ಹೇಗೆ?

ಬಾಯಿಬಿಟ್ಟು ಓದುತ್ತಿದ್ದರು. ನಾಲಿಗೆಯ ಮೇಲೆ ಹೊರಳಿಸಿ ನೋಡಿದರೆ ಪದ ಎಲ್ಲಿ ಮುಗಿಯಿತು ಎಂದು ಗೊತ್ತಾಗುತ್ತದೆ. ಮಾತ್ರೆಯ ಲೆಕ್ಕ ಕೂಡಿತೋ ಇಲ್ಲವೋ ಎಂಬುದರಿಂದ ಸ್ವರವನ್ನು ಎಳೆಯಬೇಕೋ ಮೊಟಕಾಗಿ ಬಿಡಬೇಕೋ ತಿಳಿಯುತ್ತದೆ. ಗರಿಯ ಮೇಲಿದ್ದದ್ದು ಅರ್ಧ ಕಾವ್ಯ, ಉಳಿದರ್ಧ ಓದುವವನ ದನಿಯಲ್ಲಿತ್ತು. ಶತಮಾನಗಳ ಕಾಲ ಕನ್ನಡದ ಓದು ಹೀಗೆ ಬಾಯಲ್ಲಿ ಹುಟ್ಟಿ ಕಿವಿಯಲ್ಲಿ ಮುಗಿಯುತ್ತಿತ್ತು. ಅದಕ್ಕೆ ಹೋಲಿಸಿದರೆ ಅಚ್ಚಿನ ಮೊಳೆ ಬಂದದ್ದು ಮೊನ್ನೆ ಮೊನ್ನೆ. ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು 1843ರಲ್ಲಿ. ತುಟಿ ಮುಚ್ಚಿಕೊಂಡು, ಮೂಲೆಯಲ್ಲಿ ಒಬ್ಬರೇ ಕೂತು ಓದುವುದು ನಮ್ಮಲ್ಲಿ ಹೆಚ್ಚಿನವರ ಮನೆಗಳಿಗೆ ಬಂದು ಕೆಲವು ತಲೆಮಾರು ಕಳೆದಿರಬಹುದು, ಅಷ್ಟೇ.

ಓದಿನ ಸುಖಗಳು ಹಲವು. ಹೊಸ ಪುಸ್ತಕದ ವಾಸನೆಯಿಂದ ಹಿಡಿದು, ಮಳೆಗಾಲದ ಮಧ್ಯಾಹ್ನ ಕಂಬಳಿಯೊಳಗೆ ಕಾದಂಬರಿ ಮುಗಿಸುವವರೆಗೆ ಎಲ್ಲವನ್ನೂ ಬೇಕಾದಷ್ಟು ಜನ ಹೊಗಳಿದ್ದಾರೆ. ನನ್ನ ಮಟ್ಟಿಗೆ ಅವೆಲ್ಲಕ್ಕಿಂತ ಮೇಲಾದದ್ದು ಆ ಹಳೆಯ ಸುಖವೇ: ಮೆಚ್ಚಿದ ಪುಟವನ್ನು ಗಟ್ಟಿಯಾಗಿ ಓದುವುದು, ಇಲ್ಲವೇ ಓದಬಲ್ಲವರು ಓದುವಾಗ ಪಕ್ಕದಲ್ಲಿ ಕೂತು ಕೇಳುವುದು. ಬೇರೆ ಭಾಷೆಗಳ ಮಾತು ನನಗೆ ಬೇಡ. ಕನ್ನಡವನ್ನಂತೂ ಕಣ್ಣಿನಿಂದ ಮಾತ್ರ ಓದಿದರೆ ಅದು ಅರೆ ಓದು.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ನಮ್ಮ ಜನರ ಬಗ್ಗೆ ಒಂದು ಮೆಚ್ಚುಗೆಯ ಮಾತು ಹೇಳುತ್ತದೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಈ ಜನ, ಕೂತು ವ್ಯಾಸಂಗ ಮಾಡದೆಯೂ ಕಾವ್ಯದ ಪ್ರಯೋಗದಲ್ಲಿ ಪಳಗಿದ ಬುದ್ಧಿಯವರು ಎನ್ನುವುದು ಅದರ ತಾತ್ಪರ್ಯ. ಇದನ್ನು ಬರಿಯ ಮುಖಸ್ತುತಿ ಎಂದು ತಳ್ಳಿಹಾಕಬೇಕಿಲ್ಲ. ಅಕ್ಷರ ಬಾರದವರಿಗೆ ಕಾವ್ಯ ಹೇಗೆ ಗೊತ್ತಾಯಿತು ಎಂದು ಕೇಳಿಕೊಂಡರೆ ಉತ್ತರ ಒಂದೇ, ಕೇಳಿ ಗೊತ್ತಾಯಿತು. ಓದುವವನು ಊರಿಗೊಬ್ಬನಿದ್ದರೆ ಸಾಕಾಗಿತ್ತು. ಓದಿದವರು ಊರಿಗೆ ಊರೇ ಆಗುತ್ತಿದ್ದರು.

ಈ ಮಾತಿಗೆ ಕುಮಾರವ್ಯಾಸನಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕೂತು, ಒದ್ದೆ ಬಟ್ಟೆ ಆರುವವರೆಗೆ ಬರೆದ ಎಂದು ಜನ ಕತೆ ಕಟ್ಟಿಕೊಂಡ ಈ ಕವಿ ತನ್ನ ಭಾರತದ ಹತ್ತು ಪರ್ವಗಳನ್ನು ಪೂರ್ತಿ ಭಾಮಿನಿ ಷಟ್ಪದಿಯಲ್ಲಿ ಹರಿಸಿದ. ಭಾಮಿನಿಯ ಲೆಕ್ಕ ಬಹಳ ಸರಳ. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಸಂಗೀತಗಾರರ ಬಾಯಲ್ಲಿ ಹೇಳುವುದಾದರೆ ತಕಿಟ ತಕಧಿಮಿ, ತಕಿಟ ತಕಧಿಮಿ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಇಷ್ಟಕ್ಕೇ ನಿಲ್ಲುತ್ತವೆ. ಮೂರು ಮತ್ತು ಆರನೆಯ ಸಾಲುಗಳು ಇನ್ನೊಂದು ಸುತ್ತು ಹೋಗಿ, ಕೊನೆಯಲ್ಲಿ ಒಂದು ಗುರುವಿನ ಮೇಲೆ ಕಾಲೂರುತ್ತವೆ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು, ಅದು ಆದಿಪ್ರಾಸ. ಇಷ್ಟನ್ನು ವ್ಯಾಕರಣದ ಪುಸ್ತಕದಲ್ಲಿ ಓದಿದಾಗ ಎಂಥ ಬೇಸರ! ಪರೀಕ್ಷೆಗೆ ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಲಘುವಿಗೊಂದು ಗುರುವಿಗೊಂದು ಗೀಟು ಎಳೆದು ನಾಲ್ಕು ಅಂಕ ತೆಗೆದುಕೊಂಡವರಿಗೆ ಷಟ್ಪದಿಯೆಂದರೆ ಲೆಕ್ಕದ ಇನ್ನೊಂದು ಪಿರಿಯಡ್ಡು. ಅದೇ ಪದ್ಯವನ್ನು ಬಾಯಲ್ಲಿ ಹೇಳಿ ನೋಡಿದರೆ ಮೂರನೆಯ ಸಾಲಿನ ಹೊತ್ತಿಗೆ ಗೀಟುಗಳೆಲ್ಲ ಮರೆತುಹೋಗಿ ತಲೆ ತಾನಾಗಿ ಆಡತೊಡಗುತ್ತದೆ.

ಉದ್ಯೋಗಪರ್ವದ ಕರ್ಣಭೇದನವನ್ನೇ ತೆಗೆದುಕೊಳ್ಳಿ. ಸಂಧಾನ ಮುರಿದಿದೆ. ಹಸ್ತಿನಾವತಿಯಿಂದ ಹೊರಟ ಕೃಷ್ಣ ಕರ್ಣನನ್ನು ಜೊತೆಗೆ ಕರೆದುಕೊಂಡು, ಭಾವಮೈದುನರ ಸಲಿಗೆಯಲ್ಲಿ ಮಾತಾಡಿಸುತ್ತ ತನ್ನ ರಥದಲ್ಲಿ ಒತ್ತಿನಲ್ಲೇ ಕೂರಿಸಿಕೊಳ್ಳುತ್ತಾನೆ. ನೀನು ಸೂತನ ಮಗನಲ್ಲ, ಕುಂತಿಯ ಮಗ, ಪಾಂಡವರಿಗೆಲ್ಲ ಹಿರಿಯ ಎಂದು ಹೇಳಿ, ಕಣ್ಣಿಗೆ ಕಟ್ಟುವಂತೆ ಒಂದು ಓಲಗವನ್ನು ಅವನೆದುರು ನಿಲ್ಲಿಸುತ್ತಾನೆ. ಎಡಗಡೆ ಕೌರವರ ಗುಂಪು, ಬಲಗಡೆ ಪಾಂಡವರು, ಎದುರಿಗೆ ಮಾದ್ರ, ಮಾಗಧ, ಯಾದವರು, ನಡುವೆ ನೀನು. ಇದನ್ನೆಲ್ಲ ಬಿಟ್ಟು ದುರ್ಯೋಧನ ಕರೆದಾಗ ಅಪ್ಪಣೆ ಎಂದು ತಲೆಬಾಗುವುದು ಯಾತಕ್ಕೆ ಎನ್ನುವುದು ಮಾತಿನ ವರಸೆ. ಮೌನವಾಗಿ ಓದುವವನು ಈ ಪಟ್ಟಿಯನ್ನು ಒಂದೇ ಉಸಿರಿಗೆ ದಾಟಿಬಿಡುತ್ತಾನೆ. ಕಾವ್ಯವನ್ನು ರಾಗವಾಗಿ ಓದಿ ಹೇಳುವ ಒಳ್ಳೆಯ ಗಮಕಿ ಹಾಗೆ ದಾಟಲಾರ. ಎಡ ಎಂದಾಗ ಅವನ ಕೈ ಎಡಕ್ಕೆ ಹೋಗುತ್ತದೆ, ಬಲ ಎಂದಾಗ ಬಲಕ್ಕೆ. ದನಿಯೂ ಹಾಗೇ ಅತ್ತಿಂದಿತ್ತ ಹೊರಳಿ, ನಡುವೆ ನೀನು ಎನ್ನುವಲ್ಲಿ ಬಂದು ಕೂರುತ್ತದೆ. ಕೇಳುವವರ ಕಣ್ಣ ಮುಂದೆ ಸಿಂಹಾಸನ ಬಂದು ಕೂತದ್ದು ಆ ದನಿಯ ಏರಿಳಿತದಿಂದ.

ಇನ್ನೂ ಹತ್ತಿರದಿಂದ ಕೇಳಿದರೆ ಕವಿಯ ಕಸಬುಗಾರಿಕೆ ಕಿವಿಗೆ ಸಿಗುತ್ತದೆ. ಓಲಗದ ಆ ಪದ್ಯದ ಆದಿಪ್ರಾಸ ಡಕಾರ. ಆರು ಸಾಲಿಗೂ ಎರಡನೆಯ ಅಕ್ಷರ ಡ ಎಂದು ಬಡಿಯುತ್ತದೆ. ರಾಜವೈಭವಕ್ಕೆ ತಕ್ಕ ನಗಾರಿಯಂಥ ಸದ್ದು. ಈ ಆಮಿಷಕ್ಕೆ ಕರ್ಣ ಏನು ಹೇಳುತ್ತಾನೆಂದು ನಾವು ಕಾಯುತ್ತಿರುವಾಗ ಅವನು ಮಾತೇ ಆಡುವುದಿಲ್ಲ. ಕೊರಳ ನರ ಉಬ್ಬುತ್ತವೆ, ಕಣ್ಣೀರು ನುಗ್ಗುತ್ತದೆ, ಅಯ್ಯೋ ದುರ್ಯೋಧನನಿಗೆ ಕೇಡಾಯಿತಲ್ಲ ಎಂದು ಮನಸ್ಸಿನಲ್ಲೇ ನೊಂದುಕೊಳ್ಳುತ್ತಾನೆ. ರಾಜ್ಯ ಸಿಕ್ಕಿತೆಂಬ ಹಿಗ್ಗಲ್ಲ, ತಾಯಿ ಸಿಕ್ಕಳೆಂಬ ಅಳುವೂ ಅಲ್ಲ, ಗೆಳೆಯ ಕೆಟ್ಟನಲ್ಲ ಎಂಬ ಸಂಕಟ. ಈ ಪದ್ಯದ ಪ್ರಾಸ ರಕಾರಕ್ಕೆ ತಿರುಗಿದೆ. ಬಡಿತ ಹೋಗಿ ಹರಿವು ಬಂದಿದೆ. ಕವಿ ಇದನ್ನು ಯೋಚಿಸಿ ಮಾಡಿದನೋ, ತಾನಾಗಿ ಬಂತೋ, ಆ ಚರ್ಚೆ ವಿದ್ವಾಂಸರಿಗಿರಲಿ. ಗಟ್ಟಿಯಾಗಿ ಓದುವವನಿಗೆ ಮಾತ್ರ ಒಂದು ಪೇಚು ಕಾದಿರುತ್ತದೆ. ಕರ್ಣನ ಕೊರಳುಬ್ಬಿತು ಎಂದು ಹೇಳಬೇಕಾದ ಜಾಗದಲ್ಲಿ ಓದುವವನ ಕೊರಳೇ ಉಬ್ಬಿಬಂದು ದನಿ ಹೊರಡುವುದಿಲ್ಲ. ಕಣ್ಣಿನ ಓದಿನಲ್ಲಿ ದುಃಖ ಪುಟದ ಮೇಲೆ ಇರುತ್ತದೆ, ಬಾಯಿಯ ಓದಿನಲ್ಲಿ ಅದು ಗಂಟಲಿಗೆ ಬಂದುಬಿಡುತ್ತದೆ.

ಗಮಕದ ಸೊಗಸಿರುವುದು ಇಲ್ಲಿಯೇ. ಅದು ಸಂಗೀತ ಕಛೇರಿಯಲ್ಲ. ರಾಗವುಂಟು, ತಾಳವಿಲ್ಲ. ಶೋಕಕ್ಕೆ ಮುಖಾರಿ ಬಂದೀತು, ಆದರೆ ರಾಗದ ವಿಸ್ತಾರಕ್ಕಾಗಿ ಮಾತು ಕಾಯುತ್ತ ನಿಲ್ಲುವುದಿಲ್ಲ. ಛಂದಸ್ಸಿನ ಗಣ ‘ಕೌರವೇಂದ್ರರ’ ಎಂಬ ಪದವನ್ನು ಮೂರು ಮಾತ್ರೆಗೆ ನಡುವೆ ಸೀಳಿದರೂ ಗಮಕಿ ಸೀಳಲು ಬಿಡುವುದಿಲ್ಲ. ಸಾಲಿನ ಕೊನೆಯಲ್ಲಿ ಪದ ಮುರಿದು ಮುಂದಿನ ಸಾಲಿಗೆ ದಾಟಿದ್ದರೆ ದನಿಯಲ್ಲಿ ಅದನ್ನು ಬೆಸೆದು ಹೇಳುತ್ತಾನೆ. ಪುಟದ ಮೇಲೆ ಎಡವುವ ಷಟ್ಪದಿ ಬಾಯಲ್ಲಿ ಎಡವದಿರುವುದು ಇದರಿಂದಲೇ. ಪಕ್ಕದಲ್ಲಿ ವ್ಯಾಖ್ಯಾನಕಾರರು ಇರುತ್ತಾರೆ. ಗಮಕಿ ಓದಿ ನಿಲ್ಲಿಸಿದ ಕಡೆ ಅವರು ಎತ್ತಿಕೊಂಡು ಅರ್ಥ ಬಿಡಿಸುತ್ತಾರೆ. ಒಂದೇ ಪದ್ಯ ಎರಡು ಬಾಯಲ್ಲಿ ಬಂದು ಕೇಳುವವನ ಮನಸ್ಸಿನಲ್ಲಿ ಒಂದಾಗುತ್ತದೆ. ಶಿವಮೊಗ್ಗದ ಬಳಿ ತುಂಗೆಯ ದಂಡೆಯ ಹೊಸಹಳ್ಳಿ ಈ ಕಲೆಯ ತವರು ಎನಿಸಿಕೊಂಡ ಊರು. ಅಲ್ಲಿಯ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ, ಪುಸ್ತಕ ಓದಿದ್ದಕ್ಕೂ ಪದ್ಮ ಪ್ರಶಸ್ತಿಯೇ ಎಂದು ಬೆರಗಾದವರಿದ್ದಾರೆ. ಓದುವುದು ಒಂದು ಕಲೆ ಎಂಬ ಮಾತು ಅಷ್ಟರ ಮಟ್ಟಿಗೆ ನಮಗೆ ಮರೆತುಹೋಗಿದೆ.

ಊರುಗಳಿಗೆ ಇದು ಮರೆತಿರಲಿಲ್ಲ. ಹಳೇ ಮೈಸೂರಿನ ಕಡೆ ಮಳೆ ಕೈಕೊಟ್ಟರೆ ವಿರಾಟಪರ್ವ ಓದಿಸುತ್ತಿದ್ದರು. ಓದಿದರೆ ಮಳೆ ಬರುತ್ತದೆ ಎಂಬ ನಂಬಿಕೆ. ಮೋಡಕ್ಕೆ ಕನ್ನಡ ತಿಳಿಯುತ್ತದೋ ಇಲ್ಲವೋ, ಜನಕ್ಕಂತೂ ಉತ್ತರಕುಮಾರನ ಜಂಬ ತಿಳಿಯುತ್ತಿತ್ತು. ಹೆಂಗಸರ ಮುಂದೆ ಕೌರವರನ್ನೆಲ್ಲ ಚಿಟಿಕೆಯಲ್ಲಿ ಮುಗಿಸಿಬಿಡುತ್ತೇನೆಂದು ಕೊಚ್ಚಿಕೊಂಡ ಹುಡುಗ, ಸೇನೆಯನ್ನು ಕಂಡ ಕೂಡಲೇ ರಥದಿಂದ ಧುಮುಕಿ ಓಡುವಾಗ ಬರಗಾಲದ ಊರೂ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಉತ್ತರ ಕರ್ನಾಟಕದ ಕಡೆ ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿ ಉಂಡು, ಕಂಬಳಿ ಹೊದ್ದು ಬಂದು ಕೂತು ತಿಂಗಳುಗಟ್ಟಲೆ ಕೇಳಿ, ಪುರಾಣದ ಮಂಗಲದ ದಿನ ಊರೂಟ ಮಾಡುತ್ತಾರೆ. ಒಂದು ಪುಸ್ತಕ ಓದಿ ಮುಗಿಸಿದ್ದಕ್ಕೆ ಊರೆಲ್ಲ ಹೋಳಿಗೆ ಉಣ್ಣುವ ಸಂಭ್ರಮಕ್ಕಿಂತ ದೊಡ್ಡ ಗೌರವ ಯಾವ ಗ್ರಂಥಕ್ಕೆ ಸಿಕ್ಕೀತು? ಲಕ್ಷ್ಮೀಶನನ್ನು ನಾದಲೋಲ ಎಂದು ಕರೆದವರು ಅವನ ‘ಜೈಮಿನಿ ಭಾರತ’ವನ್ನು ಕಿವಿಯಲ್ಲಿ ಅಳೆದೇ ಆ ಹೆಸರು ಕೊಟ್ಟಿರಬೇಕು.

ಇದೆಲ್ಲ ಹಳಗಾಲದ, ಪದ್ಯದ ಮಾತಾಯಿತು, ಗದ್ಯಕ್ಕೇಕೆ ಈ ಉಸಾಬರಿ ಎಂದು ಕೇಳುವವರುಂಟು. ಗದ್ಯವನ್ನು ಗಟ್ಟಿಯಾಗಿ ಓದುವ ರುಚಿ ನನಗೆ ಹತ್ತಿದ್ದು ನಮ್ಮಜ್ಜಿಯಿಂದ. ಕಣ್ಣಿಗೆ ಪೊರೆ ಬಂದ ಮೇಲೆ ಆಕೆ ಓದುವುದನ್ನು ಬಿಡಲಿಲ್ಲ, ನನ್ನಿಂದ ಓದಿಸಿದಳು. ಮಧ್ಯಾಹ್ನ ಊಟವಾಗಿ, ಒಳಗಿನ ಕೆಲಸ ಮುಗಿದು, ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಕೂತರೆ ಪುಸ್ತಕ ತೆಗೆಯಬೇಕಿತ್ತು. ತ್ರಿವೇಣಿಯವರ ‘ಶರಪಂಜರ’ ಓದಿದ್ದು ಹಾಗೆ. ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಗೆ ಚಿಕಿತ್ಸೆಯಾಗಿ ಮನೆಗೆ ಬಂದ ಕಾವೇರಿಯನ್ನು ಮನೆಯವರು ಅನುಮಾನದ ಕಣ್ಣಿನಿಂದಲೇ ನೋಡುವ ಭಾಗ ಬಂತು. ಅವರೆಕಾಯಿ ಸುಲಿಯುತ್ತಿದ್ದ ಕೈ ನಿಂತಿತು. ‘ಅವನೇನಂದ, ಇನ್ನೊಂದ್ಸಲ ಓದು ಮಗ’ ಅಂದಳು. ಕಾವೇರಿಯ ಗಂಡನ ಮಾತನ್ನು ಮತ್ತೆ ಓದಿದೆ. ‘ಹಂಗಲ್ಲ ಕಣೋ, ನೀನು ಪಾಠ ಒಪ್ಪಿಸ್ದಂಗೆ ಓದ್ತೀಯ. ಗಂಡ ಅನ್ನೋನು ಹೆಂಡ್ತಿ ಹತ್ರ ಹಂಗೆ ಮಾತಾಡ್ತಾನಾ? ಅವನಿಗೂ ಭಯ ಐತೆ, ಭಯ ಇಟ್ಕೊಂಡು ಓದು’ ಅಂದಳು.

ಭಯ ಇಟ್ಟುಕೊಂಡು ಓದು ಎಂಬ ಆ ಒಂದು ಮಾತಿನಲ್ಲಿ ವಿಮರ್ಶೆಯ ಒಂದು ಪಾಠವೇ ಇದೆ. ದಪ್ಪ ಅಕ್ಷರದಲ್ಲಿ ಖಳನೆಂದು ಕಂಡವನು, ದನಿ ಬದಲಿಸಿದ ಕೂಡಲೇ ಹೆದರಿದ ಮನುಷ್ಯನಾದ. ಒಂದು ಸಂಭಾಷಣೆಯನ್ನು ಗಟ್ಟಿಯಾಗಿ ಓದಬೇಕಾದರೆ ಅದನ್ನು ಆಡಿದವರು ಯಾವ ಮನಸ್ಸಿನಲ್ಲಿದ್ದರು ಎಂದು ತೀರ್ಮಾನ ಮಾಡಲೇಬೇಕು. ಕಣ್ಣಿಗೆ ಆ ಕಷ್ಟವಿಲ್ಲ, ಯಾವ ತೀರ್ಮಾನಕ್ಕೂ ಬಾರದೆ ಮುಂದಿನ ಸಾಲಿಗೆ ಜಾರಿಬಿಡಬಹುದು. ಅಜ್ಜಿ ಬರೆಯಲು ಕಲಿತವಳಲ್ಲ, ಕೂಡಿಸಿಕೊಂಡು ಓದಬಲ್ಲವಳು ಅಷ್ಟೇ. ಆದರೆ ಯಾವ ಮಾತು ನಿಜವಾಗಿ ಬಾಯಲ್ಲಿ ಬರುವಂಥದ್ದು, ಯಾವುದು ಬರೆದವರು ತುರುಕಿದ್ದು ಎಂದು ಆಕೆಗೆ ತಟ್ಟನೆ ಗೊತ್ತಾಗುತ್ತಿತ್ತು. ‘ಇದು ಬುಕ್ಕಿನ ಮಾತು’ ಎಂದರೆ ಮುಗಿಯಿತು, ಆ ಪುಟದ ತೀರ್ಪು ಬಂದಂತೆ.

ಹೊಸಗನ್ನಡದ ದೊಡ್ಡ ಕಾದಂಬರಿಗಳಲ್ಲಿ ಕೆಲವು ತುಟಿ ಅಲ್ಲಾಡಿಸದೆ ಓದಿದರೆ ಬಾಗಿಲನ್ನೇ ತೆರೆಯುವುದಿಲ್ಲ. ದೇವನೂರ ಮಹಾದೇವರ ‘ಕುಸುಮಬಾಲೆ’ ಬಂದಾಗ ಅರ್ಥವಾಗುವುದಿಲ್ಲ ಎಂದು ಪುಸ್ತಕ ಮುಚ್ಚಿಟ್ಟವರು ಎಷ್ಟೋ ಜನ. ನಂಜನಗೂಡು, ಚಾಮರಾಜನಗರದ ಕಡೆಯ ಆಡುಮಾತಿನ ಲಯವನ್ನು ಅಚ್ಚಿನಲ್ಲಿ ಕಂಡು ಗಾಬರಿಯಾದವರು, ಯಾರೋ ಓದಿ ಹೇಳಿದಾಗ ಇಷ್ಟೇನಾ ಎಂದು ನಕ್ಕಿದ್ದಾರೆ. ವಿದ್ವಾಂಸ ಎಲ್. ಬಸವರಾಜು ಅವರಂತೂ ಆ ಗದ್ಯವನ್ನು ಪದ್ಯದ ಸಾಲುಗಳಂತೆ ಒಡೆದು ಜೋಡಿಸಿಯೇ ತೋರಿಸಿದರು. ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಸಾಲು ನಿಲ್ಲಿಸಿದರೆ ಕಷ್ಟದ ಕೃತಿ ಕಾವ್ಯವಾಗಿ ಕಾಣಿಸುತ್ತದೆ. ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’ ಓದುವಾಗ ಮೈಸೂರಿನವರು ಧಾರವಾಡದ ಕಡೆಯ ಗೆಳೆಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಬೇಕು. ವೈದೇಹಿಯವರ ಕತೆಗಳಲ್ಲಿ ಕುಂದಾಪುರದ ಹೆಂಗಸರು ಸ್ವರ ನುಂಗಿ ಆಡುವ ಚುರುಕು ಮಾತಿಗೆ ಕುಂದಾಪುರದವರ ನಾಲಿಗೆಯೇ ಬೇಕು. ಹೀಗೆ ಓದಿಸಿಕೊಂಡಾಗ ಒಂದೇ ಕನ್ನಡದಲ್ಲಿ ಎಷ್ಟು ಕನ್ನಡ ಎಂದು ಹಿಗ್ಗಾಗುತ್ತದೆ. ಈ ಹಿಗ್ಗನ್ನು ಭಾಷಾವಿಜ್ಞಾನದ ನಕ್ಷೆ ಕೊಡಲಾರದು.

ನಗೆಯ ಪುಟಗಳಿಗಂತೂ ಜೊತೆ ಬೇಕೇಬೇಕು. 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಮಂದಣ್ಣ ಬಾಯಿ ತೆರೆದಾಗಲೆಲ್ಲ ಒಬ್ಬರೇ ಓದುವವರು ಮುಗುಳ್ನಗುತ್ತಾರೆ, ನಾಲ್ವರು ಕೂತು ಓದಿಸಿಕೊಂಡರೆ ಓದು ಮುಂದೆ ಸಾಗುವುದೇ ಇಲ್ಲ. ಪ್ಯಾರ, ಕಿವಿ ಎಂಬ ನಾಯಿ, ಮೂಡಿಗೆರೆಯ ಜೇನು, ಎಲ್ಲವೂ ಒಂದು ಗುಂಪಿನ ಹರಟೆಯಂತೆ ಬೆಳೆಯುತ್ತವೆ. ಕೊನೆಯಲ್ಲಿ ಹಾರುವ ಓತಿಯ ಬೆನ್ನು ಹತ್ತಿ ಕಾಡು ಹೊಕ್ಕಾಗ ಅದೇ ಗುಂಪು ಮಾತು ನಿಲ್ಲಿಸಿ ಕಿವಿಗೊಡುತ್ತದೆ. ನಗು ಎಲ್ಲಿ ನಿಂತಿತು, ಬೆರಗು ಎಲ್ಲಿ ಶುರುವಾಯಿತು ಎಂಬ ಜಾಗವನ್ನು ಓದುವವನು ಬೆರಳಿಟ್ಟು ತೋರಿಸಬಲ್ಲ, ಏಕೆಂದರೆ ಅಲ್ಲಿ ಅವನ ದನಿ ತಗ್ಗಿರುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮೈಸೂರಿನ ರಂಗಾಯಣದ ಬಯಲಿನಲ್ಲಿ ರಾತ್ರಿಯಿಡೀ ಒಂಬತ್ತು ಗಂಟೆಯ ನಾಟಕವಾದಾಗ, ಆ ದಪ್ಪ ಪುಸ್ತಕವನ್ನು ಅರ್ಧಕ್ಕೇ ಬಿಟ್ಟಿದ್ದವರೂ ಬೆಳಗಿನವರೆಗೆ ಕೂತರು. ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯ ಪುಟದಿಂದೆದ್ದು ಕಿವಿಗೆ ಬಂದದ್ದೇ ಅದಕ್ಕೆ ಕಾರಣ ಎಂದುಕೊಂಡಿದ್ದೇನೆ.

ಬೇಂದ್ರೆಯವರ ವಿಷಯದಲ್ಲಿ ವಾದವೇ ಇಲ್ಲ. ‘ನಾಕುತಂತಿ’ಗೆ ಜ್ಞಾನಪೀಠ ಬಂದು ಐದು ದಶಕ ಕಳೆದರೂ ಅದು ತಿಳಿಯುವುದಿಲ್ಲ ಎಂಬ ದೂರು ನಿಂತಿಲ್ಲ. ದೂರುವವರನ್ನು ಒಂದು ಪ್ರಶ್ನೆ ಕೇಳಬೇಕು, ಬಾಯಿಬಿಟ್ಟು ಓದಿದಿರಾ? ಅವರ ಪದ್ಯದಲ್ಲಿ ಅರ್ಥಕ್ಕಿಂತ ಒಂದು ಹೆಜ್ಜೆ ಮುಂದೆ ನಾದ ನಡೆಯುತ್ತದೆ. ನಾದ ದಾರಿ ತೋರಿಸಿದ ಮೇಲೆ ಅರ್ಥ ಹಿಂದಿನಿಂದ ಬಂದು ಸೇರಿಕೊಳ್ಳುತ್ತದೆ. ಮೊದಲು ಅರ್ಥ ಹುಡುಕುತ್ತ ಹೊರಟವರು ಎರಡನ್ನೂ ಕಳೆದುಕೊಳ್ಳುತ್ತಾರೆ. ಹಾಗೆಂದು ಹಾಡಾಗಿ ಕೇಳಿದರೆ ಸಾಕೇ ಎಂದರೆ, ಸಾಲದು. ಭಾವಗೀತೆಯ ಗಾಯನ ಬಹಳ ಸೊಗಸಾದದ್ದೇ, ಆದರೆ ಅಲ್ಲಿ ನಡಿಗೆ ಹಾಡುವವರದು, ತಬಲದ್ದು. ಓದಿನಲ್ಲಿ ನಡಿಗೆ ನನ್ನದು. ಬೇಕಾದ ಪದದ ಮುಂದೆ ನಿಲ್ಲಬಹುದು, ಹಿಂದಕ್ಕೆ ಬರಬಹುದು, ಅದೇ ಸಾಲನ್ನು ಒಮ್ಮೆ ತುಂಟತನದಲ್ಲಿ, ಇನ್ನೊಮ್ಮೆ ಸಂಕಟದಲ್ಲಿ ಹೇಳಿ ಯಾವುದು ಹೊಂದಿತು ಎಂದು ನೋಡಬಹುದು. ರಾಜರತ್ನಂ ಅವರ ‘ರತ್ನನ ಪದಗಳು’ ಓದುವವರಿಗೂ ಈ ಸ್ವಾತಂತ್ರ್ಯ ಬೇಕು. ಕುಡಿದವನ ತೊದಲು ಎಲ್ಲಿ ಮುಗಿದು ತತ್ವ ಎಲ್ಲಿ ಶುರುವಾಗುತ್ತದೆ ಎನ್ನುವುದನ್ನು ನಾಲಿಗೆಯೇ ಕಂಡುಹಿಡಿಯಬೇಕು.

ಗಟ್ಟಿ ಓದಿಗೆ ಇನ್ನೊಂದು ಉಪಯೋಗವುಂಟು. ಅದು ಕೆಟ್ಟ ಕನ್ನಡವನ್ನು ಕೂಡಲೇ ಹಿಡಿದುಕೊಡುತ್ತದೆ. ‘ಉಲ್ಲೇಖಿತ ಪತ್ರದನ್ವಯ ಸದರಿ ವಿಷಯಕ್ಕೆ ಸಂಬಂಧಿಸಿದಂತೆ ನಿಯಮಾನುಸಾರ ಅಗತ್ಯ ಕ್ರಮ ಕೈಗೊಳ್ಳಲು ಸೂಚಿಸಲಾಗಿದೆ’ ಎನ್ನುವ ಮಾದರಿಯ ಸಾಲನ್ನು ಕಡತದಲ್ಲಿ ನೋಡಿದರೆ ಏನೋ ಗಹನವಾದದ್ದು ನಡೆದಿದೆ ಎನಿಸುತ್ತದೆ. ಮನೆಯಲ್ಲಿ ಊಟಕ್ಕೆ ಕೂತಾಗ ಜೋರಾಗಿ ಓದಿ ನೋಡಿ, ಮಕ್ಕಳು ನಗುತ್ತಾರೆ. ಸಾಹಿತ್ಯದಲ್ಲಿಯೂ ಇಂಥ ಸಾಲುಗಳಿಗೆ ಬರವಿಲ್ಲ. ಕಣ್ಣು ಅವನ್ನು ಕ್ಷಮಿಸುತ್ತದೆ, ಉಸಿರು ಕ್ಷಮಿಸುವುದಿಲ್ಲ. ಮಾಸ್ತಿಯವರ ಯಾವುದಾದರೂ ಕತೆಯ ಮೊದಲ ಪುಟವನ್ನು ಇದರ ಪಕ್ಕದಲ್ಲಿ ಓದಿದರೆ ವ್ಯತ್ಯಾಸ ತಿಳಿಯುತ್ತದೆ. ಎಲ್ಲಿಯೂ ದಮ್ಮು ಕಟ್ಟುವುದಿಲ್ಲ. ಮನೆಗೆ ಬಂದ ಹಿರಿಯರು ಜಗಲಿಯ ಮೇಲೆ ಕೂತು, ಬಾಯಾರಿಕೆ ಮುಗಿಸಿ, ಸಾವಧಾನವಾಗಿ ಮಾತು ತೆಗೆದಂತಿರುತ್ತದೆ. ಆ ಸರಳತೆಯ ಹಿಂದಿರುವ ಶ್ರಮ ಎಂಥದ್ದೆಂದು ತಿಳಿಯಬೇಕಾದರೆ ಅದೇ ಪುಟವನ್ನು ಒಮ್ಮೆ ನಿಮ್ಮ ಮಾತಿನಲ್ಲಿ ಹೇಳಲು ಯತ್ನಿಸಿ ಸಾಕು.

ಹಾಗಾದರೆ ಮೌನದ ಓದು ಬೇಡವೇ? ಬೇಕು. ಕೆಲವು ಪುಸ್ತಕಗಳು ಇನ್ನೊಬ್ಬರಿರುವ ಕೋಣೆಯಲ್ಲಿ ತೆರೆದುಕೊಳ್ಳುವುದಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ಯ ನಾಗಪ್ಪ ಮುಂಬಯಿಯ ಕಂಪನಿಯ ಒಳಸಂಚುಗಳ ನಡುವೆ ತನ್ನೊಳಗೇ ಸುತ್ತುತ್ತ ಬೇಯುವಾಗ ಅದನ್ನು ಜೋರಾಗಿ ಓದುವುದು ಒಬ್ಬರ ಗುಟ್ಟನ್ನು ಬೀದಿಗೆ ತಂದಂತೆ. ಅಲ್ಲಮನ ವಚನಗಳನ್ನು ಒಮ್ಮೆ ಕೇಳಿ ದಕ್ಕಿಸಿಕೊಂಡವರು ಯಾರಿದ್ದಾರೆ? ಅವನನ್ನು ಓದಿ, ಪುಸ್ತಕ ಮುಚ್ಚಿ, ಸುಮ್ಮನಿದ್ದು, ಮತ್ತೆ ತೆರೆಯಬೇಕು. ಆದರೂ ಒಂದು ಮಾತು. ಆ ಮೌನದ ಓದಿನಲ್ಲಿಯೂ ಒಳಗೊಂದು ದನಿ ಓದುತ್ತಿರುತ್ತದೆ. ಆ ಒಳದನಿ ಎಲ್ಲಿಂದ ಬಂತು? ಚಿಕ್ಕವರಿದ್ದಾಗ ನಮಗೆ ಯಾರೋ ಓದಿ ಹೇಳಿದ್ದರಿಂದ, ಶಾಲೆಯಲ್ಲಿ ಪಂಜೆ ಮಂಗೇಶರಾಯರ ‘ಹಾವಿನ ಹಾಡು’ ಒಕ್ಕೊರಲಿನಲ್ಲಿ ಕೂಗಿದ್ದರಿಂದ, ರೇಡಿಯೋದಲ್ಲಿ ಕಾವ್ಯವಾಚನ ಕಿವಿಗೆ ಬಿದ್ದದ್ದರಿಂದ. ಕೇಳದೇ ಬೆಳೆದವರ ಒಳಗಿವಿ ಮಂದ. ಅವರಿಗೆ ಪುಸ್ತಕ ಬೇಸರ ತರಿಸುತ್ತದೆ ಎಂದರೆ ತಪ್ಪು ಅವರದಲ್ಲ, ಓದಿ ಹೇಳದವರದು.

ಈಗ ಆಡಿಯೋ ಪುಸ್ತಕಗಳು ಬಂದಿವೆ. ಕಾರಿನಲ್ಲಿ, ಅಡುಗೆಮನೆಯಲ್ಲಿ, ವಾಕಿಂಗಿನಲ್ಲಿ ಕೇಳುವವರು ಹೆಚ್ಚುತ್ತಿದ್ದಾರೆ. ಇದನ್ನು ಮೂದಲಿಸುವ ಪುಸ್ತಕಪ್ರಿಯರನ್ನು ಕಂಡರೆ ನನಗೆ ನಗು ಬರುತ್ತದೆ. ಕನ್ನಡದ ಮಟ್ಟಿಗೆ ಹೊಸದಾಗಿ ಬಂದದ್ದು ಇಯರ್‌ಫೋನು, ಅಭ್ಯಾಸವಲ್ಲ. ನನ್ನ ತಕರಾರು ಒಂದೇ. ಬೇಗ ಮುಗಿಸಲೆಂದು ಒಂದೂವರೆ ಪಟ್ಟು ವೇಗದಲ್ಲಿ ಕೇಳುವವರು ಓದಿನ ಸುಖದ ಬೇರಿಗೇ ಕೊಡಲಿ ಹಾಕುತ್ತಾರೆ. ಬಾಯಿ ಕಣ್ಣಿಗಿಂತ ನಿಧಾನ ಎನ್ನುವುದೇ ಗಟ್ಟಿ ಓದಿನ ದೊಡ್ಡ ಗುಣ. ಆ ನಿಧಾನದಿಂದಲೇ ಒಂದು ವಿಶೇಷಣ, ಒಂದು ಉಪಮೆ, ಒಂದು ಸಣ್ಣ ಅವ್ಯಯವೂ ತನ್ನ ಪಾಲಿನ ಮರ್ಯಾದೆ ಪಡೆಯುತ್ತದೆ. ಯಂತ್ರದ ದನಿಗಿಂತ ಮನೆಯವರ ದನಿ ಮೇಲು ಎನ್ನುವುದಕ್ಕೂ ಇದೇ ಕಾರಣ. ಅವರನ್ನು ತಡೆದು, ಇನ್ನೊಂದು ಸಲ ಓದಿ ಎನ್ನಬಹುದು, ಜಗಳವಾಡಬಹುದು.

ಇಷ್ಟು ಓದಿದವರಲ್ಲಿ ನನ್ನದೊಂದು ಕೋರಿಕೆ. ಮನೆಯಲ್ಲಿ ಕಣ್ಣು ಮಸುಕಾದ ಹಿರಿಯರಿದ್ದರೆ ಟೀವಿಯ ದನಿ ತಗ್ಗಿಸಿ, ಅವರು ಒಂದು ಕಾಲಕ್ಕೆ ಮೆಚ್ಚಿದ್ದ ಕಾದಂಬರಿ ಯಾವುದೆಂದು ಕೇಳಿ, ಅದರ ನಾಲ್ಕು ಪುಟ ಓದಿ ಹೇಳಿ. ಮಕ್ಕಳಿದ್ದರೆ ಅವರು ಓದಲು ಕಲಿತ ಮೇಲೂ ಓದಿ ಹೇಳುವುದನ್ನು ನಿಲ್ಲಿಸಬೇಡಿ. ಒಬ್ಬರೇ ಇದ್ದರೆ ಬಾಗಿಲು ಹಾಕಿಕೊಂಡು ನಿಮಗೆ ನೀವೇ ಓದಿಕೊಳ್ಳಿ. ಎಲ್ಲಿಂದ ಶುರು ಮಾಡಲಿ ಎಂದರೆ ಕರ್ಣಭೇದನದಿಂದ ಮಾಡಿ, ಷಟ್ಪದಿ ಕಷ್ಟವೆನಿಸಿದರೆ ಮಾಸ್ತಿಯವರ ಒಂದು ಕತೆಯಿಂದ. ಮೊದಲ ಪುಟ ಓದುವಾಗ ನಾಚಿಕೆಯಾಗುತ್ತದೆ, ನಾಲಿಗೆ ತೊಡರುತ್ತದೆ. ಪುಸ್ತಕ ಮುಚ್ಚಬೇಡಿ, ಎರಡನೆಯ ಪುಟಕ್ಕೆ ಹೋಗಿ.